ಹೆಸರಿಗೆ ಬಿಟ್ಟ ಜಾಗ

ಶೆಟ್ಟಿಕೊಪ್ಪ

ಜಪಾನಿಗೆ ಹೋಗಿ ಬಂದವರು ವೇಗದ ರೈಲಿನ ಬಗ್ಗೆಯೂ ಚೆರ್ರಿ ಹೂವಿನ ಬಗ್ಗೆಯೂ ಬರೆಯುತ್ತಾರೆ. ನಾನು ಎರಡನ್ನೂ ಸರಿಯಾಗಿ ನೋಡಲಿಲ್ಲ. ನಾನು ಹೋದದ್ದು ಒಂದು ಸಣ್ಣ ಪ್ಲೇಟು ಕೇಳುವುದಕ್ಕೆ, ಸಾಧ್ಯವಾದರೆ ಅದನ್ನು ಮನೆಗೆ ತರುವುದಕ್ಕೆ.

ಸಣ್ಣ ಪ್ಲೇಟು ಎಂದರೆ ತಿಂಡಿ ತಟ್ಟೆಯಷ್ಟು ಅಗಲದ ಗ್ರಾಮಫೋನ್ ತಟ್ಟೆ. ಒಂದು ಮಗ್ಗುಲಿಗೆ ಒಂದೇ ಹಾಡು. ಕೊಪ್ಪದಲ್ಲಿ ನಮ್ಮ ಅಪ್ಪನಿಗೆ ಮೈಕ್ ಸೆಟ್ ಇತ್ತು. ಮದುವೆ, ಗೃಹಪ್ರವೇಶ, ನಾಟಕ ಎಲ್ಲಿದ್ದರೂ ನಮ್ಮ ಹಾರ್ನು ಯಾವುದಾದರೂ ಮರದ ಮೇಲೆ ಕೂಗುತ್ತಿತ್ತು. ಆಮೇಲೆ ನಾನು ಬಾಳಗಡಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟೆ. ಪ್ಲೇಟಿನ ಹುಚ್ಚು ಮಾತ್ರ ಬಿಡಲಿಲ್ಲ. ಹೆಸರಾದ ಹಾಡುಗಳು ನನಗೆ ಬೇಡ, ಅವು ಎಲ್ಲರ ಹತ್ತಿರವೂ ಇವೆ. ಯಾರಿಗೂ ಬೇಡವಾದವು ಬೇಕು. ಸೋಪಿನ ಪ್ರಚಾರದ ಹಾಡು, ಯಾವುದೋ ಶಾಲೆಯ ಮಕ್ಕಳ ಪ್ರಾರ್ಥನೆ, ಒಂದೇ ಪ್ಲೇಟು ಮಾಡಿ ಕಾಣೆಯಾದ ಹಾಡುಗಾರರು. ನರಸಿಂಹರಾಜಪುರದ ಗುಜರಿ ಅಂಗಡಿಯವರು ಅಂಥದ್ದು ಸಿಕ್ಕಿದರೆ ಈಗಲೂ ಫೋನ್ ಮಾಡುತ್ತಾರೆ.

ಅಂಥ ಒಂದು ಪ್ಲೇಟಿನಲ್ಲಿ ನನ್ನ ಅಕ್ಕ ಹಾಡಿದ್ದಳು.

ಅಕ್ಕನ ಹೆಸರು ಸುಶೀಲಾ. ಹುಡುಗಿಯಾಗಿದ್ದಾಗಲೇ ಅವಳಿಲ್ಲದೆ ಸುತ್ತಮುತ್ತ ಯಾರ ಮದುವೆಯಲ್ಲೂ ಮದುಮಗಳನ್ನು ಹಸೆಗೆ ಕರೆಯುತ್ತಿರಲಿಲ್ಲ. ಹಸೆ ಎಂದರೆ ಮದುಮಕ್ಕಳು ಕೂರುವ ಜಾಗ. ಒಳಗಿರುವ ಹುಡುಗಿಯನ್ನು ಹೆಸರು ಹಿಡಿದು, ಹಾಡಿ ಕರೆದ ಮೇಲೇ ಅವಳು ಎದ್ದು ಬರಬೇಕು. ಅಪ್ಪನ ಪರಿಚಯದ ಒಬ್ಬ ರೆಕಾರ್ಡಿಂಗ್‌ನವನು ಈ ಹಾಡನ್ನು ಪ್ಲೇಟು ಮಾಡಿಸಿದ. ಯಾವುದಾದರೂ ಒಂದು ಹೆಸರು ಹಾಕಿ ಹಾಡಮ್ಮ ಎಂದನಂತೆ. ಅಕ್ಕ ಒಪ್ಪಲಿಲ್ಲ. "ಒಬ್ಬಳ ಹೆಸರು ಹೇಳಿದ್ರೆ ಉಳ್ದ ಮದ್ವೆಗೆಲ್ಲ ಎಂತ ಮಾಡದು?" ಎಂದಳು. ಕೊನೆಗೆ ಹೆಸರು ಬರುವ ಕಡೆಯಲ್ಲೆಲ್ಲ ಹಾಡು ನಿಲ್ಲಿಸಿ, ಹೆಸರು ಹೇಳುವಷ್ಟು ಹೊತ್ತು ಸುಮ್ಮನಿದ್ದು, ಮುಂದೆ ಹಾಡಿದಳು.

ಪ್ಲೇಟು ಮಾರಾಟವಾಗಲಿಲ್ಲ. ಪೇಟೆಯ ಅಂಗಡಿಯವರು ಹಾಡು ನಡುವೆ ನಿಂತು ಹೋಗುತ್ತದೆ, ಮಾಲು ಕೆಟ್ಟಿದೆ ಎಂದು ವಾಪಸು ಮಾಡಿದರು. ಅದನ್ನು ಬಳಸುವ ಕ್ರಮ ಗೊತ್ತಿದ್ದದ್ದು ನಮ್ಮ ಕಡೆಯ ಮೈಕ್ ಸೆಟ್ಟಿನವರಿಗೆ ಮಾತ್ರ. ಪ್ಲೇಟು ಹಾಕುವುದು, ಖಾಲಿ ಜಾಗ ಬಂದ ಕೂಡಲೇ ಮೈಕಿನಲ್ಲಿ ಮದುಮಗಳ ಹೆಸರು ಕೂಗುವುದು. ಅಕ್ಕನ ಮದುವೆಯಲ್ಲೂ ಅದನ್ನೇ ಹಾಕಿದೆವು. ಮೈಕ್ ಹಿಡಿದಿದ್ದವನು ನಾನು. ಹಾರ್ನಿನಲ್ಲಿ ಅವಳೇ ಹಾಡುತ್ತಿದ್ದಳು, ನಾನು ಸುಶೀಲಾ ಎಂದು ಕೂಗುತ್ತಿದ್ದೆ, ಅವಳು ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡು ಹೊರಗೆ ಬಂದಳು. "ನನ್ನನ್ನ ನಾನೇ ಕರ್ಕಂಡೆ ಮಾರಾಯ" ಎಂದು ಬಹಳ ಕಾಲ ಹೇಳುತ್ತಿದ್ದಳು.

ಕ್ಯಾಸೆಟ್ಟು ಬಂದ ಮೇಲೆ ಅಪ್ಪ ಪ್ಲೇಟುಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಗೆ ಕೊಟ್ಟುಬಿಟ್ಟರು. ಅಕ್ಕನ ಪ್ಲೇಟಿನ ಇನ್ನೊಂದು ಪ್ರತಿಗಾಗಿ ನಾನು ಹುಡುಕದ ಊರಿಲ್ಲ.

ಈಚೆಗೆ ಅಕ್ಕನ ಗಂಟಲಿಗೆ ದೊಡ್ಡ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವಳು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿರುವ ತೂತಿನಿಂದ. ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಶೆಟ್ಟಿಕೊಪ್ಪದಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳು ತುಟಿ ಅಲುಗಿಸಿದರೆ ಮೊಮ್ಮಗಳು ಭೂಮಿಕಾ ಓದಿ ಹೇಳುತ್ತಾಳೆ. ಮನೆಯಲ್ಲಿ ಬೇರೆ ಯಾರಿಗೂ ಅದು ಅಷ್ಟು ಬರುವುದಿಲ್ಲ.

ಆ ಭೂಮಿಕಾಳಿಗೆ ಮದುವೆ ನಿಶ್ಚಯವಾದ ಹೊತ್ತಿನಲ್ಲೇ, ಪ್ಲೇಟು ಕೂಡಿಸುವವರ ಫೋನ್ ಗುಂಪಿನಲ್ಲಿ ಒಂದು ಫೋಟೋ ಬಂತು. ಜಪಾನಿನ ಕೋಬೆ ಎಂಬ ಊರಿನ ಕಾಫಿ ಅಂಗಡಿಯವನೊಬ್ಬ ತನ್ನ ಪ್ಲೇಟುಗಳ ಚಿತ್ರ ಹಾಕಿದ್ದ. ನಡುವೆ ಕನ್ನಡ ಅಕ್ಷರದ ಲೇಬಲ್ಲು. ಅದರ ಮೇಲೆ ಉಗುರುಬಣ್ಣದ ಕೆಂಪು ಬೊಟ್ಟು. ದೊಡ್ಡ ಮದುವೆಗಳಲ್ಲಿ ಎರಡು ಸೆಟ್ಟಿನ ಪ್ಲೇಟುಗಳು ಬೆರೆತುಹೋಗುತ್ತವೆಂದು ನಾವು ನಮ್ಮವಕ್ಕೆ ಆ ಗುರುತು ಹಾಕುತ್ತಿದ್ದೆವು. ಉಗುರುಬಣ್ಣ ಅಕ್ಕನದೇ. ಗುಜರಿಗೆ ಹೋದ ಪ್ಲೇಟು ಯಾರ್ಯಾರ ಕೈ ದಾಟಿ ಅಲ್ಲಿಗೆ ಸೇರಿತೋ ತಿಳಿಯದು.

ಹಾಡಿದವಳು ನನ್ನ ಅಕ್ಕ ಎಂದು ಅವನಿಗೆ ತಿಳಿಸಿದೆ. ಉತ್ತರ ಬಂತು: ಮಾರುವುದಿಲ್ಲ, ನಕಲು ಮಾಡಿ ಕಳಿಸುವುದಿಲ್ಲ, ಬಂದರೆ ಕೇಳಿಸುತ್ತೇನೆ.

ಅಕ್ಕನಿಗೆ ಹೇಳಿದಾಗ ಅವಳ ತುಟಿ ಅಲುಗಿತು. ಭೂಮಿಕಾ ಓದಿದಳು. "ಸಣ್ಣಜ್ಜ, ಅಮ್ಮಮ್ಮ ಹೇಳ್ತಿದಾರೆ, ತಲೆ ಕೆಟ್ಟಿದ್ಯನ ನಿಂಗೆ ಅಂತ."

ಅಕ್ಕ ಮತ್ತೆ ಏನೋ ಹೇಳಿದಳು. ನಾನು ಭೂಮಿಕಾಳ ಕಡೆ ತಿರುಗಿದೆ.

"ಎಂತ ಅಂತೆ?"

"ನನ್ನ ಮದ್ವೆಗೆ ಹಾಡಕ್ಕೆ ಆಗಲ್ವಲ್ಲ ಅಂತ."

ಹೋಗುವುದು ನಿಶ್ಚಯವಾದದ್ದು ಆಗ.

ವಿಮಾನ ಇಳಿದ ಮೇಲೆ

ಜೊತೆಗೆ ಜಯಪುರದ ನಾಗೇಶ ಬಂದ. ಅಪ್ಪನ ಕಾಲದಲ್ಲಿ ಮರ ಹತ್ತಿ ಹಾರ್ನು ಕಟ್ಟುತ್ತಿದ್ದವನು ಅವನೇ. ಈಗ ಮೊಣಕಾಲು ನೋವು, ಬಾಯಲ್ಲಿ ಸದಾ ಕವಳ. ಅವನ ಕಷ್ಟ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ಎಲೆ ಅಡಿಕೆ ಡಬ್ಬಿಯನ್ನು ಅಧಿಕಾರಿ ತೆರೆದು ನೋಡಿ, ಮೂಸಿ, ಬಹಳ ಮರ್ಯಾದೆಯಿಂದ ತೆಗೆದಿಟ್ಟುಕೊಂಡ. ತಲೆ ಬಾಗಿಸಿ ಏನೋ ಹೇಳಿದ. ನಾಗೇಶನೂ ತಲೆ ಬಾಗಿಸಿದ. ಹೊರಗೆ ಬಂದ ಮೇಲೆ, "ಬೈದಿದ್ರೆ ಬೇಜಾರಿರ್ಲಿಲ್ಲ ಕಣೋ ಶೀನ. ನಮಸ್ಕಾರ ಮಾಡಿ ಕಿತ್ಕಂಡ್ನಲ್ಲ" ಎಂದ.

ಕೋಬೆ ನನಗೆ ಅಪರಿಚಿತ ಅನ್ನಿಸಲಿಲ್ಲ. ಬೆನ್ನಿಗೆ ಗುಡ್ಡ, ಊರೆಲ್ಲ ಇಳಿಜಾರು. ಕೊಪ್ಪದ ಹಾಗೆಯೇ ಎಲ್ಲಿಗೆ ಹೋಗುವುದಿದ್ದರೂ ಹತ್ತಬೇಕು ಅಥವಾ ಇಳಿಯಬೇಕು. ಕೆಳಗೆ ಸಮುದ್ರ ಇರುವುದೊಂದೇ ವ್ಯತ್ಯಾಸ. ಬೀದಿಯಲ್ಲಿ ಒಂದು ಕಾಗದದ ಚೂರಿಲ್ಲ, ಆದರೆ ಕಸದ ತೊಟ್ಟಿಯೂ ಕಾಣಲಿಲ್ಲ. ಜನ ತಮ್ಮ ಕಸವನ್ನು ಮನೆಗೇ ಒಯ್ಯುತ್ತಾರಂತೆ. ಮೆಷಿನ್ನಿಗೆ ನಾಣ್ಯ ಹಾಕಿದರೆ ಬಿಸಿ ಕಾಫಿಯ ಡಬ್ಬಿ ದೊಪ್ಪನೆ ಬೀಳುತ್ತದೆ. ಖಾಲಿ ಡಬ್ಬಿಯನ್ನು ಎಲ್ಲಿಡುವುದೆಂದು ತಿಳಿಯದೆ ನಾಗೇಶ ಸಂಜೆಯವರೆಗೆ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಒಂದು ಹೋಟೆಲಿನ ಬಾಗಿಲಲ್ಲಿ ಚಪ್ಪಲಿ ಬಿಡಿ ಎಂದರು. ಇಬ್ಬರಿಗೂ ಸಮಾಧಾನವಾಯಿತು, ನಮ್ಮ ಮನೆಯ ಹಾಗೆಯೇ ಎಂದು. ಆಮೇಲೆ ಶೌಚಕ್ಕೆ ಬೇರೆ ಚಪ್ಪಲಿ ಕೊಟ್ಟರು. ನಾಗೇಶ ಅದನ್ನು ಹಾಕಿಕೊಂಡೇ ಊಟದ ಮಣೆಗೆ ಬಂದುಬಿಟ್ಟ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಬೇರೆ ಕಡೆ ನೋಡಿದರು. ಅಲ್ಲಿಯ ಬೈಗುಳ ಅದೇ ಎಂದು ಆಮೇಲೆ ಅರ್ಥವಾಯಿತು.

ನಾವು ಹುಡುಕಿಕೊಂಡು ಹೋದ ಕಾಫಿ ಅಂಗಡಿಗೆ ಅಂದು ವಾರದ ರಜೆ. ಬಾಗಿಲಿಗೆ ಒಂದು ಹಲಗೆ ನೇತುಹಾಕಿದ್ದರು. ನಮಗೆ ಓದಲು ಬಂದದ್ದು ಅದರ ಮೇಲಿನ ಚಿತ್ರ ಮಾತ್ರ: ತುಟಿಯ ಮೇಲೆ ಇಟ್ಟ ಬೆರಳು.

ಹಳಿಯ ಕೆಳಗೆ

ಆ ಅಂಗಡಿ ಇರುವುದು ರೈಲು ಹಳಿಯ ಕೆಳಗೆ. ಹಳಿ ಕಂಬಗಳ ಮೇಲೆ ಹೋಗುತ್ತದೆ, ಕೆಳಗೆ ಉದ್ದಕ್ಕೂ ಅಂಗಡಿ ಸಾಲು. ರೈಲು ಬಂದಾಗಲೆಲ್ಲ ಕಪ್ಪುಗಳು ಸಣ್ಣಗೆ ನಡುಗುತ್ತವೆ.

ಮಾಲೀಕರು ಮೊರಿತಾ. ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಬಿಳಿ ಅಂಗಿ, ಕಪ್ಪು ಏಪ್ರನ್ನು. ಬಾಗಿಲಲ್ಲೇ ಫೋನ್ ಹಿಡಿದು ಮಾತಾಡಿದರು. ಅವರ ಜಪಾನಿ ಭಾಷೆಯನ್ನು ಫೋನಿನೊಳಗಿನ ಹೆಂಗಸು ಕನ್ನಡ ಮಾಡಿದಳು. "ದೂರದಿಂದ ಆಗಮಿಸಿದ ತಮಗೆ ಸುಸ್ವಾಗತ. ಇದು ಆಲಿಸುವ ಸ್ಥಳ. ಒಳಗೆ ಮಾತನಾಡುವುದನ್ನು ನಿಷೇಧಿಸಲಾಗಿದೆ."

"ಇವ್ಳು ನಮ್ಮ ಹೈಸ್ಕೂಲ್ ಮೇಡಂ ಥರನೇ ಇದಾಳಲ್ಲ" ಎಂದು ನಾಗೇಶ ಪಿಸುಗುಟ್ಟಿದ.

ಒಳಗೆ ಮಬ್ಬು ಬೆಳಕು. ಕುರ್ಚಿಗಳೆಲ್ಲ ಒಂದೇ ದಿಕ್ಕಿಗೆ, ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಕಡೆಗೆ. ಗೋಡೆ ತುಂಬ ಪ್ಲೇಟು. ಬಂದವರು ಕಾರ್ಡಿನ ಮೇಲೆ ಬೆರಳಿಟ್ಟು ಕಾಫಿ ತೋರಿಸುತ್ತಾರೆ, ಕಣ್ಣು ಮುಚ್ಚಿ ಕೂರುತ್ತಾರೆ. ನಮ್ಮ ಕಡೆ ಪ್ಲೇಟು ಹಾಕಿದರೆ ಅದರ ಮೇಲೆ ಮಾತಾಡುವುದೇ ಒಂದು ಸುಖ. ಅಡುಗೆಯವರು ಕೂಗುತ್ತಿರುತ್ತಾರೆ, ಮಕ್ಕಳು ಅಳುತ್ತಿರುತ್ತವೆ, ಹಾಡು ಅದೆಲ್ಲದರ ಜೊತೆಗೇ ಕೇಳಬೇಕು. ಇಲ್ಲಿ ಚಮಚ ಕಪ್ಪಿಗೆ ತಾಗಿದರೂ ಕೇಳುತ್ತಿತ್ತು.

ಮೊರಿತಾ ನಮ್ಮ ಮುಂದೆ ಪ್ಲೇಟನ್ನು ಲಕೋಟೆಯಿಂದ ತೆಗೆದರು. ಅಂಚನ್ನು ಮಾತ್ರ ಎರಡು ಅಂಗೈಗಳ ನಡುವೆ ಹಿಡಿದು, ಕೆಂಪು ಬೊಟ್ಟು ನನಗೆ ಕಾಣುವ ಹಾಗೆ ತಿರುಗಿಸಿದರು. ಬೊಟ್ಟಿನ ಒಂದು ಅಂಚು ಎದ್ದಿತ್ತು, ಅಷ್ಟೆ. ಮೇಲೆ ಹೋಗುತ್ತಿದ್ದ ರೈಲು ದಾಟುವವರೆಗೆ ಕಾದು, ಮುಳ್ಳು ಇಟ್ಟರು.

ಮೊದಲು ಕೇಳಿದ್ದು ಹಾಡಲ್ಲ. ಹಾಡಿಗೆ ಮೊದಲು ಅಕ್ಕ ಉಸಿರು ಎಳೆದುಕೊಂಡದ್ದು.

ಅದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮರದ ಮೇಲಿನ ಹಾರ್ನಿನಲ್ಲಿ ಅಷ್ಟು ಸಣ್ಣದು ಬರುತ್ತಿರಲಿಲ್ಲ. ಬಾಯಿಂದ, ಗಂಟಲಿನ ಮೂಲಕ, ಎದೆಗೆ ಇಳಿದ ಉಸಿರು. ಆಮೇಲೆ ದನಿ ಬಂತು. ಎಳೆಯ ದನಿ, ಸ್ವಲ್ಪ ಮೂಗಿನಲ್ಲಿ, ಯಾವ ಅವಸರವೂ ಇಲ್ಲದ್ದು. ಕಪ್ಪು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಆಪರೇಷನ್ನಿನ ಹಿಂದಿನ ದಿನ ಅವಳು ಕೊನೆಯದಾಗಿ ಏನು ಮಾತಾಡಿದಳೆಂದು ನೆನಪು ಮಾಡಿಕೊಳ್ಳಲು ನೋಡಿದೆ. "ಗ್ಯಾಸ್ ಆಫ್ ಮಾಡಿದ್ರಾ ನೋಡು" ಎಂದಿದ್ದಳು. ಅಷ್ಟೇ.

ಮೊದಲನೆಯ ಖಾಲಿ ಜಾಗ ಬಂತು. ನನ್ನ ಬಾಯಿ ತೆರೆಯಿತು, ಮುಚ್ಚಿಕೊಂಡೆ. ಹಾಡು ಮುಂದುವರಿಯಿತು. ಎರಡನೆಯ ಜಾಗ ಬಂದಾಗ ಮುಚ್ಚಿಕೊಳ್ಳುವುದು ನನ್ನ ಕೈಯಲ್ಲಿರಲಿಲ್ಲ.

"ಸುಶೀಲಾ!"

ಮೈಕ್ ಸೆಟ್ಟಿನವನ ಕೂಗು. ಅಂಗಳದ ಆಚೆ, ಅಡುಗೆ ಚಪ್ಪರದ ಆಚೆ ಕೇಳಲೆಂದು ಕಲಿತದ್ದು.

ಯಾರದೋ ಚಮಚ ನೆಲಕ್ಕೆ ಬಿತ್ತು. ಮೊರಿತಾ ಮುಳ್ಳು ಎತ್ತಿದರು. ಪ್ಲೇಟನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಗೋಡೆಯ ಅದೇ ಸಂದಿಗೆ ಸೇರಿಸಿ, ನನ್ನ ಕಡೆ ತಿರುಗಿ ತಲೆ ಬಾಗಿಸಿದರು. ಉಳಿದವರೆಲ್ಲ ಬೇರೆ ಕಡೆ ನೋಡುತ್ತಿದ್ದರು.

ನಾವು ಎದ್ದು ಬಂದೆವು.

"ಎಂಥ ಸಾವು ಮಾರಾಯ!" ನಾಗೇಶ ಬೀದಿಗೆ ಬಂದ ಕೂಡಲೇ ಶುರು ಮಾಡಿದ. "ಇಷ್ಟು ದೂರ ಬಂದು, ಪೂರ್ತಿ ಕೇಳದ್ರೊಳಗೆ! ಒಂದು ನಿಮಿಷ ಬಾಯಿ ಮುಚ್ಕಂಡಿರಕ್ಕೆ ಆಗ್ಲಿಲ್ವನ ನಿಂಗೆ?"

ಸ್ವಲ್ಪ ದೂರ ಇಳಿದ ಮೇಲೆ ಅವನೇ ಹೇಳಿದ: "ನೀ ಕೂಗದಿದ್ರೆ ನಾನೇ ಕೂಗ್ತಿದ್ದೆ. ನಾಲಿಗೆ ತುದಿಗೆ ಬಂದಿತ್ತು."

ಮರುದಿನ ಬೆಳಿಗ್ಗೆ

ಕ್ಷಮೆ ಕೇಳದೆ ಊರಿಗೆ ಮರಳುವ ಹಾಗಿರಲಿಲ್ಲ. ಅಂಗಡಿ ತೆರೆಯುವ ಮೊದಲೇ ಹೋದೆವು. ಮೊರಿತಾ ಬಾಗಿಲ ಮುಂದೆ ಗುಡಿಸುತ್ತಿದ್ದರು. ನಮ್ಮಲ್ಲಿ ಹೆಂಗಸರು ಅಂಗಳ ಗುಡಿಸುವ ಹಾಗೆಯೇ, ಪಕ್ಕದ ಅಂಗಡಿಯ ಮುಂದೆಯೂ ಸ್ವಲ್ಪ ಗುಡಿಸಿಕೊಟ್ಟರು.

ನಾನು ಫೋನಿಗೆ ನಿಧಾನವಾಗಿ ಹೇಳಿದೆ. ಹಸೆ ಎಂದರೇನು, ಹೆಸರು ಹಿಡಿದು ಕರೆಯುವುದು ಹೇಗೆ, ಆ ಜಾಗ ಅಕ್ಕ ಬೇಕೆಂದೇ ಬಿಟ್ಟದ್ದು, ಅವಳ ಮದುವೆಯಲ್ಲಿ ಇದೇ ಪ್ಲೇಟು ಹಾಕಿ ನಾನೇ ಕೂಗಿದ್ದು. ಈಗ ಅವಳಿಗೆ ದನಿ ಇಲ್ಲದ್ದು. ಮೊಮ್ಮಗಳ ಮದುವೆ ಹತ್ತಿರ ಬಂದದ್ದು. ಫೋನಿನ ಹೆಂಗಸು ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು. ಮೊರಿತಾ ಪೊರಕೆಯನ್ನು ಗೋಡೆಗೆ ಒರಗಿಸಿದರು.

ಅವರು ಹೇಳಿದ್ದು ಫೋನಿನಲ್ಲಿ ಹೀಗೆ ಬಂತು: "ಈ ಗಾಯಕಿಗೆ ಹಾಡಲಾಗದ ಏನೋ ಒಂದು ಇದೆ, ಅಲ್ಲಿ ಆಕೆ ನಿಲ್ಲುತ್ತಾಳೆ ಎಂದು ಭಾವಿಸಿದ್ದೆ. ಪತ್ನಿ ತೀರಿಕೊಂಡ ನಂತರ ಆ ಮೌನಕ್ಕಾಗಿಯೇ ಇದನ್ನು ಆಲಿಸುತ್ತಿದ್ದೆ. ನೀವು ಅದರೊಳಗೆ ಕೂಗಿದಿರಿ."

ನಾಗೇಶ ತಲೆ ತಗ್ಗಿಸಿದ. ನನಗೆ ಕ್ಷಮಿಸಿ ಎನ್ನುವುದೂ ಸಣ್ಣ ಮಾತು ಅನ್ನಿಸಿತು.

ಮೊರಿತಾ ಬಾಗಿಲು ತೆರೆದು, ಬನ್ನಿ ಎಂದು ಕೈ ಮಾಡಿದರು. ಬೇರೆ ಗಿರಾಕಿಗಳಿರಲಿಲ್ಲ. ಪ್ಲೇಟು ತೆಗೆದು ಮೊದಲಿನಿಂದ ಹಾಕಿದರು. ಖಾಲಿ ಜಾಗ ಬಂದಾಗ ನನ್ನ ಮುಖ ನೋಡಿದರು. ನಾನು ಹೆಸರು ಕರೆದೆ, ಈ ಸಲ ಮೆಲ್ಲಗೆ. ಎರಡನೆಯ ಜಾಗದಲ್ಲಿ ನಾಗೇಶ, "ಸುಶೀಲಕ್ಕಾ" ಎಂದ. ಅವನಿಗೆ ಅವಳನ್ನು ಬರೀ ಹೆಸರು ಹಿಡಿದು ಕರೆಯಲು ಆಗಲಿಲ್ಲ. ಮೂರನೆಯದರಲ್ಲಿ ಮೊರಿತಾ ಗಂಟಲು ಸರಿಮಾಡಿಕೊಂಡು, ತಮ್ಮ ನಾಲಿಗೆಗೆ ಬಂದ ಹಾಗೆ, "ಸುಶೀರಾ" ಎಂದರು. ಕೊನೆಯ ಜಾಗದಲ್ಲಿ ಮೂವರೂ ಒಬ್ಬರನ್ನೊಬ್ಬರು ನೋಡುತ್ತ ಉಳಿದೆವು. ಮೇಲೆ ರೈಲು ಹೋಯಿತು, ಕಪ್ಪುಗಳು ನಡುಗಿದವು, ಅಕ್ಕ ಹಾಡು ಮುಗಿಸಿದಳು.

ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬದಲಿಗೆ, ಕೊಡಲೆಂದು ತಂದಿದ್ದ ಕಟ್ಟನ್ನು ಬಿಚ್ಚಿದೆ. ನನ್ನ ಸಂಗ್ರಹದಲ್ಲಿ ಯಾರೂ ಕೇಳದ, ನನಗೆ ಮಾತ್ರ ಪ್ರಿಯವಾದ ಸಣ್ಣ ಪ್ಲೇಟುಗಳು. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಒಂದನ್ನು ಆರಿಸಿದರು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಎಂದು ಯಾರೋ ಗಂಭೀರ ದನಿಯಲ್ಲಿ ಹೇಳಿಕೊಡುವ ಪ್ಲೇಟು ಅದು. ಹಿಂದೆ ಕೊಳಲು.

ಅಂಗಡಿ ತೆರೆಯಿತು, ಗಿರಾಕಿಗಳು ಬಂದು ಕೂತರು. ಮೊರಿತಾ ಅದನ್ನೇ ಹಾಕಿದರು. ಮೈಲುತುತ್ತವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಎಂದು ದನಿ ಹೇಳುತ್ತಿತ್ತು. ಮುಂದಿನ ಕುರ್ಚಿಯ ಮುದುಕಿಯೊಬ್ಬಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನಾಗೇಶನ ಭುಜ ಕುಣಿಯತೊಡಗಿತು. ನಾನು ಅವನ ಕಾಲು ತುಳಿದೆ. ಅವನು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ನಗುತ್ತಿದ್ದವನ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನದಲ್ಲ. ಆ ದ್ರಾವಣವನ್ನು ಅವನ ಅಪ್ಪ ಮಾಡುತ್ತಿದ್ದುದನ್ನು ನಾನೂ ನೋಡಿದ್ದೆ. ಮೊಣಕೈವರೆಗೆ ನೀಲಿ ಆಗಿರುತ್ತಿತ್ತು.

ಹೊರಡುವಾಗ ಮೊರಿತಾ ಬಾಗಿಲವರೆಗೆ ಬಂದರು. ಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಮೂಲೆ ಗಂಟು ಹಾಕಿದ್ದ ಒಂದು ಚಪ್ಪಟೆ ಪೊಟ್ಟಣವನ್ನು ಎರಡು ಕೈಯಲ್ಲಿ ಚಾಚಿದರು. ನಾನೂ ಎರಡು ಕೈಯಲ್ಲಿ ತೆಗೆದುಕೊಂಡೆ.

"ಇನ್ನು ಮುಂದೆ ಆ ಸ್ಥಳದಲ್ಲಿ ನನಗೆ ಹೆಸರು ಕೇಳಿಸುತ್ತದೆ" ಎಂದಳು ಫೋನಿನ ಹೆಂಗಸು. "ನನಗೆ ಬೇಕಾದದ್ದು ಇದರಲ್ಲಿ ಈಗ ಇಲ್ಲ. ಕರೆಯಬೇಕಾದವರಿರುವ ಕಡೆಗೆ ಇದು ಹೋಗಲಿ."

ಮೊರಿತಾ ನಗಲಿಲ್ಲ. ನಾನು ಅವರಿಂದ ಏನು ತೆಗೆದುಕೊಂಡು ಬರುತ್ತಿದ್ದೇನೆಂದು ನನಗೆ ಗೊತ್ತಿತ್ತು. ಆದರೂ ತೆಗೆದುಕೊಂಡು ಬಂದೆ.

ಶೃಂಗೇರಿ

ಊರಿಗೆ ಬಂದ ಮೇಲೆ ಪ್ಲೇಯರ್ ಹೊತ್ತುಕೊಂಡು ಶೆಟ್ಟಿಕೊಪ್ಪಕ್ಕೆ ಹೋದೆ. ಅಕ್ಕ ಕೆಂಪು ಬೊಟ್ಟನ್ನು ಉಗುರಿನಿಂದ ಸವರಿದಳು. ನಾನು ಮುಳ್ಳು ಎತ್ತುವಷ್ಟರಲ್ಲಿ ಪ್ಲೇಟಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ಈಗ ಬೇಡ ಅಂತೆ. ಮದ್ವೆ ದಿವ್ಸ" ಎಂದಳು ಭೂಮಿಕಾ.

ಮದುವೆ ಶೃಂಗೇರಿಯ ಒಂದು ಸಭಾಭವನದಲ್ಲಿ. ಗಂಡಿನ ಕಡೆಯವರು ಅಲ್ಲಿಯವರು. ಈಗಿನ ಮೈಕಿನವರು ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದಿದ್ದರು. ನನ್ನ ಪ್ಲೇಯರಿಗೆ ವಯರ್ ಸಿಕ್ಕಿಸಿಕೊಡುವಾಗ ಅವರಿಗೆ ಸ್ವಲ್ಪ ನಗುವೂ ಬಂತು. ನಾಗೇಶ ಮೊಣಕಾಲು ಹಿಡಿದುಕೊಂಡೇ ಸ್ಪೀಕರ್ ಪೆಟ್ಟಿಗೆಗಳನ್ನು ಅಲ್ಲಿಂದಿಲ್ಲಿಗೆ ತಿರುಗಿಸಿಟ್ಟ. ಬಾಯಲ್ಲಿ ಕವಳ ತುಂಬಿತ್ತು.

ಹಸೆಗೆ ಕರೆಯುವ ಹೊತ್ತಾಯಿತು. ಭೂಮಿಕಾ ಒಳಗಿನ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ, ನಮಗೆ ಕಾಣುವ ಹಾಗೆ ಕೂತಿದ್ದಳು. ಅಕ್ಕ ನನ್ನ ಪಕ್ಕದ ಕುರ್ಚಿಯಲ್ಲಿ. ನಾನು ಎಡಗೈಯಲ್ಲಿ ಮೈಕ್ ಹಿಡಿದು, ಬಲಗೈಯಲ್ಲಿ ಮುಳ್ಳು ಇಟ್ಟೆ.

ಮೊದಲು ಆ ಉಸಿರು. ಆಮೇಲೆ ದನಿ ಬಂದು ಭವನ ತುಂಬಿತು. ಊಟದ ಮನೆಯ ಕಡೆಯಿಂದ ವಯಸ್ಸಾದ ಹೆಂಗಸರು ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು. "ಸುಶೀಲನ ದನಿ ಅಲ್ದನೇ ಇದು?" ಎಂದು ಯಾರೋ ಕೇಳಿದರು. ಅಕ್ಕ ಮುಂದೆ ನೋಡುತ್ತ ಕೂತಿದ್ದಳು. ಸೆರಗಿನ ತುದಿ ಹಲ್ಲಿನ ನಡುವೆ ಇತ್ತು.

ಹೆಸರಿನ ಜಾಗ ಬರುವುದಕ್ಕೆ ಇನ್ನೊಂದು ಸಾಲಿತ್ತು. ನಾನು ಮೈಕನ್ನು ಬಾಯಿಗೆ ತಂದೆ. ಅಕ್ಕನ ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಅವಳು ಮೈಕನ್ನು ನನ್ನಿಂದ ತೆಗೆದುಕೊಂಡಳು.

ಹಾಡು ನಿಂತಿತು. ಅಕ್ಕ ಮೈಕನ್ನು ಗಲ್ಲದ ಕೆಳಗೆ ಹಿಡಿದು, ಕೋಣೆಯ ಬಾಗಿಲ ಕಡೆ ನೋಡುತ್ತ, ತುಟಿಯಲ್ಲೇ ಕರೆದಳು. ಪೆಟ್ಟಿಗೆಗಳಲ್ಲಿ ಕೇಳಿದ್ದು ಅವಳ ಕುತ್ತಿಗೆಯ ಬಟ್ಟೆಯ ಹಿಂದಿನ ಉಸಿರು ಮಾತ್ರ. ಜನ ಮೈಕು ಕೆಟ್ಟಿತೆಂದು ನನ್ನ ಕಡೆ ತಿರುಗಿದರು.

ಭೂಮಿಕಾ ಎದ್ದು ನಿಂತಳು.